ಗುಳ ಸವೆಯುತ್ತೆ, ನೇಗಿಲು ಎಗರುತ್ತೆ: ಪ್ಲೇಟ್ ದಪ್ಪ ಮಾಡುವ ಮುಂಚೆ ಇದನ್ನು ನೋಡಿ

ಪ್ರಶ್ನೆ: ಸರ್, ಗೌರಿಬಿದನೂರು ಹತ್ತಿರ ನನ್ನದೊಂದು ಸಣ್ಣ ವೆಲ್ಡಿಂಗ್ ವರ್ಕ್‌ಶಾಪ್ ಇದೆ. ಎತ್ತಿನ ಜೋಡಿಗೆ ಕಬ್ಬಿಣದ ರೆಕ್ಕೆ ನೇಗಿಲು (ಸೀಳಿದ ಮಣ್ಣನ್ನು ಮಗುಚುವ ಬಾಗಿದ ತಗಡೇ ರೆಕ್ಕೆ), ಮಿನಿ ಟ್ರ್ಯಾಕ್ಟರ್‌ಗೆ ಎರಡು ಗುಳದ (ಮಣ್ಣು ಸೀಳುವ ಅಲಗಿನ) ನೇಗಿಲು ಮಾಡಿಕೊಡುತ್ತೇನೆ. ಬಾಗೇಪಲ್ಲಿ, ಮಧುಗಿರಿ, ಪಾವಗಡ ಕಡೆಯಿಂದಲೂ ಜನ ಬರುತ್ತಾರೆ. ಎರಡು ದೂರು ಮಾತ್ರ ತಪ್ಪುತ್ತಿಲ್ಲ. ಒಂದು, ಗುಳ ಒಂದೇ ಹಂಗಾಮಿಗೆ ಸವೆದು ಮೊಂಡಾಗುತ್ತದೆ. ಇನ್ನೊಂದು, ಸ್ವಲ್ಪ ಒಣಗಿದ ಕೆಂಪು ನೆಲದಲ್ಲಿ ನೇಗಿಲು ಒಳಗೆ ಇಳಿಯದೆ ಎಗರುತ್ತದೆ, ಎತ್ತುಗಳು ಬೇಗ ಸುಸ್ತಾಗುತ್ತವೆ. ಈಗ 8 ಎಂ.ಎಂ. ಎಂ.ಎಸ್. (ಮೈಲ್ಡ್ ಸ್ಟೀಲ್, ಮೆತ್ತನೆ ಉಕ್ಕು) ಪ್ಲೇಟಿನಲ್ಲಿ ಗುಳ ಕತ್ತರಿಸಿ ವೆಲ್ಡ್ ಮಾಡುತ್ತಿದ್ದೇನೆ. 12 ಎಂ.ಎಂ. ಹಾಕಿ, ಮೇಲೆ ಒಂದಿಷ್ಟು ತೂಕವನ್ನೂ ಸೇರಿಸೋಣ ಅಂದುಕೊಂಡಿದ್ದೇನೆ. ಸರಿಯಾ?

ಉತ್ತರ: ದಯವಿಟ್ಟು 12 ಎಂ.ಎಂ. ಹಾಕಬೇಡಿ. ತೂಕವನ್ನೂ ಸೇರಿಸಬೇಡಿ. ಎರಡರಿಂದಲೂ ಎತ್ತಿನ ಹೊರೆ ಹೆಚ್ಚುತ್ತದೆ, ನಿಮ್ಮ ದೂರು ಹಾಗೇ ಉಳಿಯುತ್ತದೆ.

ನೀವು ಎರಡು ದೂರು ಅಂತ ಬರೆದಿದ್ದೀರಿ. ನನಗೆ ಕಾಣುವುದು ಒಂದೇ. ಗುಳದ ಮೊನೆ ಕೆಳಗಡೆಯಿಂದ ಸವೆಯುತ್ತಿದೆ, ಹಾಗೆ ಸವೆದಿದ್ದಕ್ಕೇ ನೇಗಿಲು ಇಳಿಯುತ್ತಿಲ್ಲ. ಇಳಿಯದ ನೇಗಿಲನ್ನು ರೈತ ಮೇಣಿ, ಅಂದರೆ ಹಿಡಿಕೆ, ಹಿಡಿದು ಬಲವಾಗಿ ಒತ್ತುತ್ತಾನೆ, ಒತ್ತಿದಷ್ಟೂ ಅದರ ಹಿಮ್ಮಡಿ, ಅಂದರೆ ತಳದ ಹಿಂತುದಿ, ನೆಲಕ್ಕೆ ಉಜ್ಜುತ್ತದೆ, ಎಳೆತ ಜಾಸ್ತಿಯಾಗುತ್ತದೆ, ಎತ್ತು ಸೋಲುತ್ತವೆ. ಎಲ್ಲಾ ಒಂದೇ ಎಳೆಯಲ್ಲಿ ಇವೆ ನೋಡಿ. ಹಾಗಾಗಿ ಮೊದಲು ನೇಗಿಲಿನ ಕೋನ, ಅಳತೆ ಸರಿ ಮಾಡಬೇಕು. ಆಮೇಲೆ ಸವೆಯುವ ಜಾಗಕ್ಕೆ ಮಾತ್ರ ಗಟ್ಟಿ ಉಕ್ಕು ಹಾಕಬೇಕು. ಇದೇ ಕ್ರಮದಲ್ಲಿ ಮಾಡಿ. ಅಳತೆ ತಪ್ಪಿದ ನೇಗಿಲಿಗೆ ಎಷ್ಟು ಒಳ್ಳೆಯ ಉಕ್ಕು ಹಾಕಿದರೂ ದುಡ್ಡು ದಂಡ.

ಮೊದಲು ವರ್ಕ್‌ಶಾಪಿನಲ್ಲೇ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಇಲ್ಲದಿದ್ದರೆ ದಪ್ಪ ಕಬ್ಬಿಣದ ಹಲಗೆಯ ಮೇಲೆ, ಹೊಸ ನೇಗಿಲನ್ನು ಉಳುವಾಗ ಹೇಗೆ ನಿಲ್ಲುತ್ತದೋ ಹಾಗೇ ನಿಲ್ಲಿಸಿ. ಗುಳದ ಮೊನೆ, ಗುಳದ ರೆಕ್ಕೆ ಕಡೆಯ ತುದಿ, ಹಿಂದೆ ಲ್ಯಾಂಡ್‌ಸೈಡ್ ಪಟ್ಟಿಯ ಹಿಮ್ಮಡಿ, ಈ ಮೂರೇ ನೆಲ ಮುಟ್ಟಬೇಕು. ಲ್ಯಾಂಡ್‌ಸೈಡ್ ಅಂದರೆ ಉಳದ ನೆಲದ ಗೋಡೆಗೆ ಒರಗಿಕೊಂಡು ಹೋಗುವ ಉದ್ದನೆಯ ಪಟ್ಟಿ, ನಿಮಗೆ ಗೊತ್ತೇ ಇದೆ. ಈಗ ಮೊನೆಗೂ ಹಿಮ್ಮಡಿಗೂ ನಡುವೆ, ಗುಳವೂ ಪಟ್ಟಿಯೂ ಸೇರುವ ಜಾಗದಲ್ಲಿ, ನೆಲದಿಂದ 3ರಿಂದ 5 ಎಂ.ಎಂ. ಸಂದು ಕಾಣಬೇಕು. ಇದಕ್ಕೆ ಸಕ್ಷನ್ ಅನ್ನುತ್ತಾರೆ. ಮೊನೆ ಸ್ವಲ್ಪ ಕೆಳಮುಖವಾಗಿ ಇರುವುದರಿಂದಲೇ ನೇಗಿಲು ತಾನಾಗಿ ನೆಲಕ್ಕೆ ಇಳಿಯುತ್ತದೆ. ನೇಗಿಲನ್ನು ನೆಲದಲ್ಲಿ ಇಳಿಸುವುದು ಈ ಸಂದೇ, ತೂಕ ಅಲ್ಲ.

ಹಾಗೇ ಪಕ್ಕದಿಂದಲೂ ನೋಡಿ. ಲ್ಯಾಂಡ್‌ಸೈಡ್ ಪಟ್ಟಿಯ ಉದ್ದಕ್ಕೂ, ಮೊನೆಯವರೆಗೆ, ನೇರವಾದ ಸ್ಕೇಲ್ ಹಿಡಿದರೆ ನಡುವೆ ಸುಮಾರು 5 ಎಂ.ಎಂ. ಸಂದು ಬರಬೇಕು. ಇದು ಅಡ್ಡ ಸಕ್ಷನ್. ನೇಗಿಲು ತನ್ನ ಪೂರ್ತಿ ಅಗಲಕ್ಕೆ ಮಣ್ಣು ಕತ್ತರಿಸಲಿ ಅಂತ ಇದು ಇರುವುದು. ಇದು ಇಲ್ಲದಿದ್ದರೆ ಸಾಲು ಹೋಗ್ತಾ ಹೋಗ್ತಾ ಕಿರಿದಾಗುತ್ತದೆ, ರೈತ ಮೇಣಿಯನ್ನು ಒಂದೇ ಪಕ್ಕಕ್ಕೆ ಎಳೆದುಕೊಂಡು ನಡೆಯಬೇಕಾಗುತ್ತದೆ.

ಈಗ ಒಂದು ಹಂಗಾಮು ಉತ್ತ ಹಳೇ ನೇಗಿಲು ಯಾರದಾದರೂ ತರಿಸಿಕೊಂಡು ಅದಕ್ಕೂ ಇದೇ ಅಳತೆ ಮಾಡಿ. ಆ ಸಂದು ಮಾಯವಾಗಿರುತ್ತದೆ. ಮೊನೆಯ ಕೆಳಭಾಗ ದುಂಡಗಾಗಿರುತ್ತದೆ. ಕೆಲವದರಲ್ಲಿ ಮೊನೆಯೇ ನೆಲದಿಂದ ಮೇಲೆ ನಿಂತಿರುತ್ತದೆ! ಅಂಥ ನೇಗಿಲು ಹದವಾದ ನೆಲದಲ್ಲಿ ಹೇಗೋ ನಡೆಯುತ್ತದೆ. ಒಣಗಿದ ಕೆಂಪು ನೆಲದಲ್ಲಿ ಮಾತ್ರ ನಡೆಯುವುದಿಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕೆಂಪು ಮಣ್ಣಿನ ಗುಣವೇ ಹಾಗೆ, ಮಳೆ ಬಿದ್ದು ನಾಲ್ಕು ದಿನ ಬಿಸಿಲು ಕಾದರೆ ಮೇಲ್ಪದರ ಬಿಗಿದುಕೊಂಡು ಕಲ್ಲಿನಂತಾಗುತ್ತದೆ. ದುಂಡಗಾದ ಮೊನೆ ಅದರ ಮೇಲೆ ಜಾರುತ್ತದೆ. ಒಂದು ಕಡೆ ಇಳಿದು, ಮುಂದೆ ಮೇಲೆ ಬಂದು, ಮತ್ತೆ ಇಳಿದು, ಹೀಗೆ ಎಗರಿ ಎಗರಿ ಹೋಗುವುದು ಅದಕ್ಕೇ.

ಸಂದು ಒಳ್ಳೆಯದು ಅಂತ 10 ಎಂ.ಎಂ. ಬಿಡಬೇಡಿ ಮತ್ತೆ. ಆಗ ನೇಗಿಲು ಮುಳುಗುತ್ತಾ ಹೋಗುತ್ತದೆ, ಅದನ್ನು ಮೇಲೆ ಎತ್ತಿ ಹಿಡಿಯುವುದೇ ರೈತನಿಗೆ ಕೆಲಸವಾಗುತ್ತದೆ. ಒಣ ಭೂಮಿ ಜಾಸ್ತಿ ಇರುವ ಕಡೆ 5 ಎಂ.ಎಂ., ಕೆರೆ ಬಯಲಿನ ಮೆತ್ತನೆ ಮಣ್ಣಿಗೆ 3 ಎಂ.ಎಂ., ಇಷ್ಟು ಸಾಕು.

ಗುಳವನ್ನು ನೆಲಕ್ಕೆ ಎಷ್ಟು ಓರೆಯಾಗಿ ಕೂರಿಸುತ್ತೀರಿ ಅನ್ನುವುದೂ ಮುಖ್ಯ. ಗುಳದ ಮೇಲ್ಮೈ ನೆಲದ ಮಟ್ಟಕ್ಕೆ 20ರಿಂದ 25 ಡಿಗ್ರಿ ಇದ್ದರೆ ಎಳೆತ ಕಡಿಮೆ, ಮಣ್ಣು ಮೇಲೆ ಏರಿ ಸೀಳಿಕೊಳ್ಳುತ್ತದೆ. ಕೋನ ಹೆಚ್ಚಾಗುತ್ತಾ 45, 50 ಡಿಗ್ರಿ ದಾಟಿದರೆ ಗುಳ ಮಣ್ಣನ್ನು ಸೀಳುವುದು ಬಿಟ್ಟು ಮುಂದಕ್ಕೆ ತಳ್ಳುತ್ತದೆ, ಎಳೆತ ಒಂದೇ ಸಮ ಏರುತ್ತದೆ. ವೆಲ್ಡಿಂಗ್ ಅಂಗಡಿಗಳಲ್ಲಿ ಕಣ್ಣಳತೆಯಲ್ಲಿ ಗುಳ ಅಂಟಿಸುವಾಗ ಇದೇ ತಪ್ಪುವುದು. ಒಂದು ಮರದ ತುಂಡನ್ನು 22 ಡಿಗ್ರಿಗೆ ಕೊಯ್ಸಿ ಇಟ್ಟುಕೊಳ್ಳಿ. ಪ್ರತಿ ನೇಗಿಲಿಗೂ ಅದನ್ನೇ ಹಿಡಿದು ನೋಡಿ. ಗುಳದ ಬಾಯಿ, ಅಂದರೆ ಕತ್ತರಿಸುವ ಅಂಚು, ಸಾಲಿನ ಗೋಡೆಗೆ ಸುಮಾರು 40ರಿಂದ 45 ಡಿಗ್ರಿ ಓರೆ ಇರಲಿ. ಹಾಗಿದ್ದರೆ ಗರಿಕೆ ಬೇರು, ಹುಲ್ಲಿನ ಗಂಟು ಅಂಚಿನ ಮೇಲೆ ಜಾರಿ ಕತ್ತರಿಸಿಕೊಳ್ಳುತ್ತವೆ, ಸಿಕ್ಕಿ ಹಾಕಿಕೊಳ್ಳುವುದಿಲ್ಲ.

ಇನ್ನು ಎತ್ತಿನ ಲೆಕ್ಕ. ಇದನ್ನು ಬಿಟ್ಟು ನೇಗಿಲಿನ ಅಳತೆ ಇಡುವುದು ನನಗೆ ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಅನುಭವಿಸುವುದು ಬಾಯಿಲ್ಲದ ಪ್ರಾಣಿ. ಎತ್ತು ದಿನದ ಕೆಲಸದಲ್ಲಿ ಬಿಡದೆ ಎಳೆಯಬಲ್ಲದ್ದು ತನ್ನ ತೂಕದ ಹತ್ತರಲ್ಲಿ ಒಂದು ಪಾಲು, ಸುಮಾರಾಗಿ. ನಮ್ಮ ಹಳ್ಳಿಕಾರ್ ಜೋಡಿಯ ತೂಕ 700 ಕೆ.ಜಿ. ಅಂದುಕೊಳ್ಳೋಣ, ಎಳೆತ 70 ಕೆ.ಜಿ. ಗಂಟೆಗೆ 2.5 ಕಿ.ಮೀ. ನಡೆದರೆ ಸೆಕೆಂಡಿಗೆ 0.7 ಮೀಟರ್. 70ನ್ನು 0.7ರಿಂದ ಗುಣಿಸಿ 75ರಿಂದ (ಒಂದು ಎಚ್.ಪಿ. ಅಂದರೆ ಸೆಕೆಂಡಿಗೆ 75 ಕೆ.ಜಿ.-ಮೀಟರ್) ಭಾಗಿಸಿದರೆ 0.65 ಎಚ್.ಪಿ. ಬರುತ್ತದೆ. ಒಂದು ಜೋಡಿ ಎತ್ತಿನಿಂದ ನಿಮ್ಮ ನೇಗಿಲಿಗೆ ಸಿಗುವುದು ಇಷ್ಟೇ.

ಇನ್ನೊಂದು ಕಡೆ ಮಣ್ಣು ಎಷ್ಟು ಕೇಳುತ್ತದೆ ನೋಡಿ. ಹದವಾಗಿರುವ ಹಗುರ ಮಣ್ಣು ಪ್ರತಿ ಚದರ ಸೆಂ.ಮೀ.ಗೆ 0.3 ಕೆ.ಜಿ. ಹತ್ತಿರ ಎಳೆತ ಬೇಡುತ್ತದೆ. ಗಟ್ಟಿ ಮಣ್ಣಾದರೆ 0.6, ಅದಕ್ಕಿಂತಲೂ ಮೇಲೆ. ನಿಮ್ಮ ನೇಗಿಲು 20 ಸೆಂ.ಮೀ. ಅಗಲ, 15 ಸೆಂ.ಮೀ. ಆಳ ಉಳುತ್ತದೆ ಅಂದರೆ 300 ಚದರ ಸೆಂ.ಮೀ. ಹದದಲ್ಲೇ 90 ಕೆ.ಜಿ. ಆಯಿತು, ಒಣಗಿದ ನೆಲದಲ್ಲಿ 180! ಎತ್ತು ಸುಸ್ತಾಗದೆ ಏನು ಮಾಡುತ್ತವೆ ಹೇಳಿ. ಅದನ್ನೇ 15 ಸೆಂ.ಮೀ. ಅಗಲ, 12 ಸೆಂ.ಮೀ. ಆಳಕ್ಕೆ ಇಳಿಸಿದರೆ 180 ಚದರ ಸೆಂ.ಮೀ., ಹದದ ನೆಲದಲ್ಲಿ 54 ಕೆ.ಜಿ. ಆಗ ಜೋಡಿ ನೆಮ್ಮದಿಯಾಗಿ ನಡೆಯುತ್ತದೆ, ಮಧ್ಯೆ ಮಧ್ಯೆ ಬಿಗಿ ನೆಲ ಸಿಕ್ಕರೂ ತಡೆದುಕೊಳ್ಳುತ್ತದೆ. ರಾಗಿ, ತೊಗರಿ, ನೆಲಗಡಲೆಗೆ ಅಷ್ಟು ಆಳ ಸಾಕು. ಎತ್ತಿನ ನೇಗಿಲಿಗೆ 15 ಸೆಂ.ಮೀ. ಗುಳವನ್ನೇ ನಿಮ್ಮ ಮುಖ್ಯ ಅಳತೆ ಮಾಡಿಕೊಳ್ಳಿ ಅನ್ನುವುದು ನನ್ನ ಸಲಹೆ. 'ದೊಡ್ಡದು ಕೊಡಿ' ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಈ ಲೆಕ್ಕ ಹೇಳಿ, ಎತ್ತು ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಎಳೆಯುವ ಗೆರೆ ಅಂತ ಒಂದಿದೆ. ಮಣ್ಣು ನೇಗಿಲನ್ನು ಹಿಂದಕ್ಕೆ ತಡೆಯುವ ಬಲವೆಲ್ಲ ಒಂದು ಜಾಗದಲ್ಲಿ ಸೇರುತ್ತದೆ ಅಂದುಕೊಳ್ಳಿ. ಅದು ಗುಳವೂ ರೆಕ್ಕೆಯೂ ಸೇರುವ ಹತ್ತಿರ, ಲ್ಯಾಂಡ್‌ಸೈಡ್ ಕಡೆಯಿಂದ ಅಗಲದ ಕಾಲು ಭಾಗದಷ್ಟು ಒಳಗೆ ಇರುತ್ತದೆ. ಆ ಜಾಗ, ನೇಗಿಲಿನ ಕೊಕ್ಕೆ, ನೊಗ, ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಬರದಿದ್ದರೆ ನೇಗಿಲು ಮೇಲಕ್ಕೋ ಪಕ್ಕಕ್ಕೋ ತಿರುಗಲು ನೋಡುತ್ತಲೇ ಇರುತ್ತದೆ. ಎಲ್ಲರ ಎತ್ತೂ ಒಂದೇ ಎತ್ತರ ಇರುವುದಿಲ್ಲ ಅಲ್ವಾ? ಹಾಗಾಗಿ ಸರಪಳಿ ಕಟ್ಟುವ ಕಡೆ ಒಂದೇ ತೂತು ಕೊಟ್ಟರೆ ಆಗದು. ಮೇಲೆ ಕೆಳಗೆ ಐದು ತೂತಿರುವ ಒಂದು ಪಟ್ಟಿ, ತೂತಿಗೂ ತೂತಿಗೂ 2 ಸೆಂ.ಮೀ. ಅಂತರ, ಅದಕ್ಕೆ ಅಡ್ಡಲಾಗಿ ಮೂರು ತೂತಿನ ಇನ್ನೊಂದು ಪಟ್ಟಿ ಕೊಡಿ. ಕೊಕ್ಕೆ ಮೇಲಿನ ತೂತಿಗೆ ಹೋದರೆ ನೇಗಿಲು ಆಳಕ್ಕೆ ಇಳಿಯುತ್ತದೆ, ಕೆಳಗಿನ ತೂತಿಗೆ ಬಂದರೆ ಆಳ ಕಡಿಮೆಯಾಗುತ್ತದೆ. ಈಸು, ಅಂದರೆ ನೇಗಿಲಿನ ಉದ್ದನೆಯ ದಂಡ, ನೇರವಾಗಿ ನೊಗಕ್ಕೆ ಕಟ್ಟುವ ಮಾದರಿಯಾದರೆ ನೊಗ ಕಟ್ಟುವ ಜಾಗವನ್ನು ಹಿಂದೆ ಮುಂದೆ ಮಾಡಿ ಇದೇ ಕೆಲಸ ಮಾಡಬಹುದು, ನಮ್ಮ ಹಿರಿಯರು ಮರದ ನೇಗಿಲಿನಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಈ ಎರಡು ಪಟ್ಟಿಗೆ ಆಗುವ ಖರ್ಚು ತುಂಬಾ ಕಡಿಮೆ. ರೈತನಿಗೆ ಆಗುವ ಅನುಕೂಲ ದೊಡ್ಡದು.

ಮಿನಿ ಟ್ರ್ಯಾಕ್ಟರ್ ನೇಗಿಲಿನಲ್ಲಿ ಈ ಕೆಲಸ ಟಾಪ್ ಲಿಂಕ್‌ದು. ನೇಗಿಲನ್ನು ಟ್ರ್ಯಾಕ್ಟರಿಗೆ ಮೇಲ್ಗಡೆ ಕೂಡಿಸುವ ಆ ಸರಳನ್ನು ಗಿಡ್ಡ ಮಾಡಿದರೆ ಮೊನೆ ಕೆಳಗೆ ಬಾಗುತ್ತದೆ, ಉದ್ದ ಮಾಡಿದರೆ ಮೇಲೇಳುತ್ತದೆ. ಮೊದಲ ಸಾಲು ಆದ ಮೇಲೆ ಬಲಗಡೆ ಚಕ್ರ ಸಾಲಿಗಿಳಿದು ಟ್ರ್ಯಾಕ್ಟರ್ ವಾಲುತ್ತದೆ. ಆಗ ಬಲಗಡೆ ಲಿಫ್ಟ್ ರಾಡ್ ತಿರುಗಿಸಿ ನೇಗಿಲನ್ನು ಸಮ ಮಾಡಬೇಕು. ಎಷ್ಟೋ ಜನ ಇದನ್ನು ಮಾಡದೆ ನೇಗಿಲನ್ನೇ ಬೈಯುತ್ತಾರೆ. ಮಾರುವಾಗ ಹೊಲದಲ್ಲಿ ಒಮ್ಮೆ ತೋರಿಸಿಕೊಟ್ಟುಬಿಡಿ.

ಈಗ ಲೋಹಕ್ಕೆ ಬರೋಣ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅಂಗಡಿಯಲ್ಲಿ ಕೂತೇ ಇದನ್ನು ಪೂರ್ತಿ ಬದಲಾಯಿಸಬಹುದು.

ನಮ್ಮ ಕೆಂಪು ಮಣ್ಣು ಹುಟ್ಟಿದ್ದು ಗ್ರಾನೈಟ್ ಜಾತಿಯ ಕಲ್ಲಿನಿಂದ. ಅದರಲ್ಲಿರುವ ಮರಳೆಲ್ಲ ಬೆಣಚುಕಲ್ಲಿನ ಪುಡಿ. ಬೆಣಚು ಎಂ.ಎಸ್.ಗಿಂತ ಎಷ್ಟೋ ಪಟ್ಟು ಗಟ್ಟಿ, ಹದ ಹಾಕಿದ, ಅಂದರೆ ಕಾಸಿ ಅದ್ದಿ ಗಟ್ಟಿ ಮಾಡಿದ, ಉಕ್ಕಿಗಿಂತಲೂ ಗಟ್ಟಿ. ಒಂದು ಎಕರೆ ಅಂದರೆ 4,047 ಚದರ ಮೀಟರ್. 15 ಸೆಂ.ಮೀ. ಅಗಲದ ಸಾಲಿನಲ್ಲಿ ಅಷ್ಟೂ ಉಳಬೇಕಾದರೆ ಗುಳ ಮಣ್ಣೊಳಗೆ ಸುಮಾರು 27 ಕಿ.ಮೀ. ನಡೆಯಬೇಕು. ಅಷ್ಟು ದೂರವೂ ಉಪ್ಪುಕಾಗದದ ಮೇಲೆ ಉಜ್ಜಿಕೊಂಡು ಹೋದ ಹಾಗೆ. ಎರೆ ಮಣ್ಣಿನಲ್ಲಿ ಎಳೆತ ಜಾಸ್ತಿಯಾದರೂ ಗುಳ ಇಷ್ಟು ಬೇಗ ಸವೆಯುವುದಿಲ್ಲ, ಅದರಲ್ಲಿ ದಪ್ಪ ಮರಳು ಕಡಿಮೆ. ಪಾವಗಡ ಕಡೆ ಎರೆ ನೆಲ ಇರುವ ರೈತರು ನಿಮಗೆ ಇದನ್ನೇ ಹೇಳಿರಬಹುದು.

ಎಂ.ಎಸ್. ಪ್ಲೇಟಿನಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಅದನ್ನು ಕೆಂಪಗೆ ಕಾಸಿ ನೀರಿಗೆ ಅದ್ದಿದರೂ ಹೇಳಿಕೊಳ್ಳುವಷ್ಟು ಗಟ್ಟಿಯಾಗುವುದಿಲ್ಲ. ಗಟ್ಟಿಯಾಗಬೇಕಾದರೆ ಇಂಗಾಲ ಬೇಕು, ಶೇ. 0.5ರಿಂದ 0.6ರಷ್ಟು ಇದ್ದರೆ ಗುಳಕ್ಕೆ ಹೇಳಿ ಮಾಡಿಸಿದ ಹಾಗೆ. ಅಂಥ ಉಕ್ಕು ನಿಮ್ಮ ಕೈಗೆ ಸಿಗುವುದು ಲಾರಿಯ ಹಳೇ ಕಮಾನು ಪಟ್ಟಿಯಲ್ಲಿ. ಗುಜರಿಯಲ್ಲಿ ಸಿಗುತ್ತದೆ. ತರುವಾಗ ಎರಡು ವಿಷಯ ನೋಡಿ. ಮಧ್ಯದ ಬೋಲ್ಟ್ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕಿದ್ದರೂ ಆ ಭಾಗ ಬೇಡ. ಆಮೇಲೆ ಗ್ರೈಂಡರ್ ಹಿಡಿದು ಕಿಡಿ ನೋಡಿ. ಎಂ.ಎಸ್. ಕಿಡಿ ಉದ್ದಕ್ಕೆ ನೇರವಾಗಿ ಹಾರುತ್ತದೆ, ತುದಿಯಲ್ಲಿ ಹೆಚ್ಚು ಕವಲು ಇರುವುದಿಲ್ಲ. ಇಂಗಾಲ ಜಾಸ್ತಿ ಇರುವ ಉಕ್ಕಿನ ಕಿಡಿ ಗಿಡ್ಡ, ಒತ್ತೊತ್ತಾಗಿ ಕವಲೊಡೆದು ಸಿಡಿಯುತ್ತದೆ. ಎರಡನ್ನೂ ಅಕ್ಕಪಕ್ಕ ಹಿಡಿದು ಒಂದು ಸಲ ನೋಡಿದರೆ ಮತ್ತೆ ಮರೆಯುವುದಿಲ್ಲ. ದೊಡ್ಡ ಸಂಖ್ಯೆಯಲ್ಲಿ ಮಾಡುವ ಮಟ್ಟಕ್ಕೆ ಬಂದರೆ ಬೋರಾನ್ ಸ್ಟೀಲ್ ಪಟ್ಟಿ ತರಿಸಬಹುದು, ಈಗಿನ ಟ್ರ್ಯಾಕ್ಟರ್ ಗುಳಗಳಲ್ಲಿ ಅದರ ಬಳಕೆ ಜಾಸ್ತಿ. ಸದ್ಯಕ್ಕೆ ಕಮಾನು ಪಟ್ಟಿ ಸಾಕು.

ಹದ ಹಾಕುವುದು ಹೀಗೆ. ಪಟ್ಟಿಯನ್ನು ಕುಲುಮೆಯಲ್ಲಿ ಕಾಸಿ, ಬಡಿದು, ಅಂಚು ತೆಗೆದು, ತೂತು ಹೊಡೆದು, ಆಕಾರದ ಕೆಲಸವೆಲ್ಲ ಮುಗಿಸಿ. ಹದ ಕೊನೆಗೆ. ಬಾಯಿಯಿಂದ ಒಂದು 4 ಸೆಂ.ಮೀ. ಅಗಲದ ಭಾಗವನ್ನು ಮಾತ್ರ ಒಂದೇ ಸಮನಾಗಿ ಕೆಂಪಗೆ ಕಾಸಿ. ಎಷ್ಟು ಕೆಂಪು ಅಂತ ಕಣ್ಣಿನಲ್ಲಿ ಹೇಳುವುದು ಕಷ್ಟ, ಹಗಲು ಬೆಳಕಿನಲ್ಲಂತೂ ಮೋಸ ಹೋಗುತ್ತೀರಿ. ಅದಕ್ಕೆ ಒಂದು ಅಯಸ್ಕಾಂತವನ್ನು ಕಂಬಿಗೆ ಕಟ್ಟಿ ಇಟ್ಟುಕೊಳ್ಳಿ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅಲ್ಲಿಂದ ಒಂದು ಮಟ್ಟ ಮೇಲೆ ಕಾಸಿ, ತಕ್ಷಣ ಎಣ್ಣೆಗೆ ಅದ್ದಿ. ನೀರಿಗೆ ಬೇಡ. ಕಮಾನು ಪಟ್ಟಿಯ ಉಕ್ಕು ನೀರಿನಲ್ಲಿ ಪಟಕ್ಕನೆ ಬಿರುಕು ಬಿಡುತ್ತದೆ, ಕೆಲವು ಸಲ ಬಿರುಕು ಕಣ್ಣಿಗೆ ಕಾಣುವುದೂ ಇಲ್ಲ, ಹೊಲದಲ್ಲಿ ಕಲ್ಲು ತಾಗಿದಾಗ ಗೊತ್ತಾಗುತ್ತದೆ. ಎಣ್ಣೆ ಸ್ವಲ್ಪ ಬೆಚ್ಚಗಿರಲಿ, 50 ಡಿಗ್ರಿ ಹತ್ತಿರ. ಎಣ್ಣೆ ಹೊತ್ತಿಕೊಳ್ಳುವ ಅಪಾಯ ಇದೆ, ಹಾಗಾಗಿ ಕಬ್ಬಿಣದ ಡಬ್ಬ, ಅದಕ್ಕೆ ಸರಿಯಾದ ಮುಚ್ಚಳ, ಪಕ್ಕದಲ್ಲಿ ಒಣ ಮರಳು, ಉದ್ದನೆಯ ಇಕ್ಕಳ, ಇವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬಯಲಲ್ಲಿ ಮಾಡಿ, ಹೊಗೆ ಕುಡಿಯಬೇಡಿ.

ಎಣ್ಣೆಯಿಂದ ತೆಗೆದ ಗುಳಕ್ಕೆ ಅರ ಹಾಕಿ ನೋಡಿ, ಹಿಡಿಯದೆ ಜಾರಬೇಕು. ಆದರೆ ಈ ಸ್ಥಿತಿಯಲ್ಲಿ ಅದು ಗಾಜಿನಷ್ಟು ಪೆಡಸು. ಹಾಗೇ ಹೊಲಕ್ಕೆ ಕಳಿಸಿದರೆ ಮೊದಲ ಗುಂಡುಕಲ್ಲಿಗೇ ಮುರಿಯುತ್ತದೆ. ಒಂದಿಷ್ಟು ಜಾಗ ಉಜ್ಜಿ ಬೆಳ್ಳಗೆ ಮಾಡಿ, ಹಿಂಭಾಗದಿಂದ ನಿಧಾನವಾಗಿ ಮತ್ತೆ ಬಿಸಿ ಮಾಡಿ. ಬಣ್ಣ ಓಡುವುದು ಕಾಣುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300 ಡಿಗ್ರಿ ಹತ್ತಿರ ನೀಲಿ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಕಲ್ಲು ನೆಲಕ್ಕೆ ನೀಲಿ ದಾಟಿ ಬೂದಿಗೆ ತಿರುಗುವಾಗ ನಿಲ್ಲಿಸಿ. ಕಲ್ಲಿಲ್ಲದ ಮರಳು ನೆಲವಾದರೆ ನೀಲಿಗೇ ನಿಲ್ಲಿಸಬಹುದು, ಸವೆತ ಇನ್ನೂ ಕಡಿಮೆಯಾಗುತ್ತದೆ. ಹಿಂಭಾಗ, ಬೋಲ್ಟ್ ಕೂರುವ ಜಾಗ, ಮೆತ್ತಗೇ ಇರಲಿ, ಪೆಟ್ಟು ತಾಳಿಕೊಳ್ಳಲಿ.

ಈ ಗುಳವನ್ನು ವೆಲ್ಡ್ ಮಾಡಬೇಡಿ, ಬೋಲ್ಟ್ ಹಾಕಿ. ಇದು ತುಂಬಾ ಮುಖ್ಯ. ವೆಲ್ಡಿಂಗ್ ಶಾಖಕ್ಕೆ ನೀವು ಹಾಕಿದ ಹದ ಹೋಗುತ್ತದೆ, ಇಂಗಾಲ ಜಾಸ್ತಿ ಇರುವ ಉಕ್ಕಾದ್ದರಿಂದ ಬೆಸುಗೆಯ ಪಕ್ಕದಲ್ಲೇ ಸೀಳು ಬಿಡುತ್ತದೆ. ಮಾಡಲೇಬೇಕಾದ ಸಂದರ್ಭ ಬಂದರೆ 200 ಡಿಗ್ರಿಗಿಂತ ಮೇಲೆ ಮೊದಲೇ ಕಾಸಿ, ಒಣಗಿಸಿದ 7018 ವೆಲ್ಡಿಂಗ್ ರಾಡ್ ಬಳಸಿ, ಆಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿ. ಬೋಲ್ಟ್ ಆದರೆ ಈ ಕಷ್ಟ ಇಲ್ಲ. ಇನ್ನೂ ಒಂದು ಲಾಭ ಇದೆ, ರೈತ ಸವೆದ ಗುಳ ಒಂದನ್ನೇ ಬಿಚ್ಚಿ ತರುತ್ತಾನೆ, ನೇಗಿಲು ಹೊತ್ತುಕೊಂಡು ನಿಮ್ಮಲ್ಲಿಗೆ ಬರಬೇಕಾಗಿಲ್ಲ. ಅಮೆರಿಕದಲ್ಲಿ ಜೆತ್ರೋ ವುಡ್ ಎಂಬವರು 1819ರಲ್ಲಿ ಪೇಟೆಂಟ್ ಪಡೆದ ನೇಗಿಲಿನ ಮುಖ್ಯ ಗುಣವೇ ಇದು, ಸವೆದ ಭಾಗವನ್ನು ಬಿಚ್ಚಿ ಬೇರೆ ಹಾಕಬಹುದಿತ್ತು. ತೂತು ಹೊಡೆಯಲು ಒಂದು ಜಿಗ್, ಅಂದರೆ ತೂತಿನ ಜಾಗ ತೋರಿಸುವ ಅಚ್ಚು, ಮಾಡಿಟ್ಟುಕೊಳ್ಳಿ, ಈ ವರ್ಷದ ಗುಳ ಮುಂದಿನ ವರ್ಷದ ನೇಗಿಲಿಗೂ ಕೂರಬೇಕು. ಬೋಲ್ಟ್ ತಲೆ ಗುಳದ ಮೈಯೊಳಗೆ ಮುಳುಗಿರಬೇಕು, ಮೇಲೆ ಎದ್ದಿದ್ದರೆ ಮಣ್ಣು ಅಲ್ಲೇ ಹಿಡಿದುಕೊಳ್ಳುತ್ತದೆ.

ಮೊನೆಯ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಗುಳದ ಬೇರೆ ಭಾಗಕ್ಕಿಂತ ಮೊನೆ ಬೇಗ ಸವೆಯುತ್ತದೆ. ಹಾಗಾಗಿ ಮೊನೆಯನ್ನು ಬೇರೆಯಾಗಿ, ಒಂದು ಚೌಕದ ಸರಳಿನಲ್ಲಿ ಮಾಡಿ. ಎತ್ತಿನ ನೇಗಿಲಿಗೆ 16 ಅಥವಾ 20 ಎಂ.ಎಂ. ಸರಳು ಸಾಕು. ಇದು ಗುಳದ ಕೆಳಗಿನಿಂದ ಹಾದು ಹಿಂದೆ ಒಂದು ಕ್ಲಾಂಪಿನಲ್ಲಿ ಕೂರುತ್ತದೆ. ಸವೆದ ಹಾಗೆಲ್ಲ ಬೋಲ್ಟ್ ಸಡಿಲ ಮಾಡಿ, ಒಂದಿಷ್ಟು ಮುಂದಕ್ಕೆ ತಳ್ಳಿ, ಮತ್ತೆ ಬಿಗಿ ಮಾಡುವುದು. ನಾಲ್ಕು ಮಗ್ಗುಲೂ ತಿರುಗಿಸಿ ಬಳಸಬಹುದು. ಸಂದು ಸರಿಯಾಗಿ ಉಳಿಯುತ್ತದೆ, ಕಲ್ಲು ತಾಗಿದರೆ ಪೆಟ್ಟು ತಿನ್ನುವುದು ಸರಳು, ಗುಳ ಅಲ್ಲ. ಕಲ್ಲು ನೆಲದ ಗಿರಾಕಿಗಳಿಗೆ ನಾನು ಇದನ್ನೇ ಹೇಳುವುದು.

ಹಾರ್ಡ್‌ಫೇಸಿಂಗ್ ರಾಡ್, ಅಂದರೆ ಲೋಹದ ಮೇಲೆ ಗಟ್ಟಿ ಪದರ ಕೂರಿಸುವ ವೆಲ್ಡಿಂಗ್ ರಾಡ್, ಇದರ ಬಗ್ಗೆ ನೀವು ಕೇಳಿಲ್ಲ, ಆದರೂ ಇವತ್ತಲ್ಲ ನಾಳೆ ಯಾರಾದರೂ ಅಂಗಡಿಗೆ ಬಂದು ಹೇಳುತ್ತಾರೆ. ಕ್ರೋಮಿಯಂ ಕಾರ್ಬೈಡ್ ರಾಡಿನ ಪದರ ಬೆಣಚಿಗಿಂತಲೂ ಗಟ್ಟಿ, ನಮ್ಮ ಮಣ್ಣಿಗೆ ನಿಜವಾಗಿಯೂ ತಾಳುತ್ತದೆ. ಇದನ್ನು ನಾನು ಹೇಳುವುದು ಮೆತ್ತನೆ ಎಂ.ಎಸ್. ಗುಳಕ್ಕೆ, ಹದ ಹಾಕಿದ ಗುಳಕ್ಕಲ್ಲ. ಒಂದೇ ಮಗ್ಗುಲಿಗೆ, ಬಾಯಿಯ ಕೆಳಮೈಗೆ, ತೆಳ್ಳಗೆ ಹಾಕಿ. ಎರಡೂ ಕಡೆ ಹಾಕಿದರೆ ಅಂಚು ದಪ್ಪವಾಗಿ ಮೊಂಡಾಗುತ್ತದೆ. ಕೆಳಗಡೆ ಮಾತ್ರ ಗಟ್ಟಿ ಇದ್ದರೆ ಮೇಲಿನ ಮೆತ್ತನೆ ಲೋಹ ಬೇಗ ಸವೆದು ಕೆಳಗಿನ ಗಟ್ಟಿ ಪದರ ತೆಳ್ಳನೆ ಅಂಚಾಗಿ ಉಳಿಯುತ್ತದೆ, ಅಂದರೆ ಉಳುತ್ತಾ ಉಳುತ್ತಾ ಗುಳ ತನ್ನನ್ನು ತಾನೇ ಮಸೆದುಕೊಳ್ಳುತ್ತದೆ. ಇಂಗ್ಲೆಂಡಿನ ಇಪ್ಸ್‌ವಿಚ್‌ನ ರಾಬರ್ಟ್ ರ‍್ಯಾನ್ಸಮ್ 1803ರಲ್ಲೇ ಎರಕದ ಗುಳದ ಕೆಳಮೈಯನ್ನು ಬೇಗ ತಣ್ಣಗೆ ಮಾಡಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು, ಅದರ ಹಿಂದಿನ ಲೆಕ್ಕಾಚಾರವೂ ಇದೇ. ಇನ್ನೂರು ವರ್ಷ ದಾಟಿದ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ, ನನಗೆ ತುಂಬಾ ಇಷ್ಟವಾದದ್ದು. ಒಂದು ಎಚ್ಚರಿಕೆ, ವೆಲ್ಡಿನ ಸಾಲು ಕೆಳಗೆ ಉಬ್ಬಿಕೊಂಡಿದ್ದರೆ ಆ 5 ಎಂ.ಎಂ. ಸಂದು ಹೋಯಿತು. ಹಾಗಾಗಿ ಮೊದಲು ಗ್ರೈಂಡರಿನಲ್ಲಿ ಒಂದು ತಗ್ಗು ತೆಗೆದು, ಅದರೊಳಗೆ ಪದರ ತುಂಬಿಸಿ. ದಪ್ಪ ಕಲ್ಲು ನೆಲಕ್ಕೆ ಇದು ಬೇಡ, ಪದರ ಚಕ್ಕೆ ಎದ್ದು ಹೋಗುತ್ತದೆ.

ರೆಕ್ಕೆಗೆ ಒಂದೇ ಒಂದು ಮಾತು ಸದ್ಯಕ್ಕೆ. ಅದಕ್ಕೆ ಪೇಂಟ್ ಹೊಡೆಯಬೇಡಿ. ಅಂಗಡಿ ಮುಂದೆ ನಿಲ್ಲಿಸಿದಾಗ ಚೆನ್ನಾಗಿ ಕಾಣುತ್ತದೆ ನಿಜ, ಹೊಲದಲ್ಲಿ ಆ ಪೇಂಟಿಗೇ ಮಣ್ಣು ಮೆತ್ತಿಕೊಳ್ಳುತ್ತದೆ. ಮಣ್ಣಿನ ಮೇಲೆ ಮಣ್ಣು ಉಜ್ಜಲು ಶುರುವಾದರೆ ಎಳೆತ ಏರುತ್ತದೆ, ಮಗುಚುವುದು ನಿಲ್ಲುತ್ತದೆ. 1837ರಲ್ಲಿ ಜಾನ್ ಡೀರ್ ಅಮೆರಿಕದ ಇಲಿನಾಯ್‌ನಲ್ಲಿ ಮುರಿದ ಗರಗಸದ ಅಲಗಿನಿಂದ ಮಾಡಿದ ನೇಗಿಲು ಹೆಸರಾದದ್ದು ಇದಕ್ಕೇ. ಅಲ್ಲಿನ ಜಿಗುಟು ಮಣ್ಣು ಎರಕದ ಕಬ್ಬಿಣಕ್ಕೆ ಅಂಟುತ್ತಿತ್ತು, ನುಣುಪಾದ ಉಕ್ಕಿನ ಮೇಲಿಂದ ಜಾರಿ ಬಿದ್ದಿತು. ಪಾವಗಡದ ಎರೆ ಮಣ್ಣಿಗೂ ಕೆರೆ ಗೋಡಿಗೂ ಇದೇ ಮಾತು. ಮಣ್ಣು ಹರಿಯುವ ದಿಕ್ಕಿನಲ್ಲೇ ಫ್ಲಾಪ್ ಡಿಸ್ಕ್ ಹಿಡಿದು ನುಣುಪು ಮಾಡಿ, ತುಕ್ಕು ಹಿಡಿಯದಂತೆ ಗ್ರೀಸ್ ಸವರಿ ಕೊಡಿ. ಪೇಂಟ್ ಈಸಿಗೆ, ಮೇಣಿಗೆ, ಚೌಕಟ್ಟಿಗೆ ಇರಲಿ. ಹಂಗಾಮು ಮುಗಿದ ಮೇಲೂ ಮಣ್ಣು ಕೆರೆದು ಗ್ರೀಸ್ ಹಚ್ಚಿಡಲು ರೈತರಿಗೆ ಹೇಳಿ, ಒಂದು ಮಳೆಗಾಲ ತುಕ್ಕು ಹಿಡಿದ ರೆಕ್ಕೆಯನ್ನು ಮತ್ತೆ ನುಣುಪು ಮಾಡುವುದು ಸುಮ್ನೆ ಆಗುವ ಕೆಲಸ ಅಲ್ಲ.

ಟ್ರ್ಯಾಕ್ಟರ್ ನೇಗಿಲಿಗೆ ಶಿಯರ್ ಬೋಲ್ಟ್ ಇಟ್ಟಿದ್ದೀರಾ ಅಂತ ಬರೆದಿಲ್ಲ. ಇಡಿ. ಕಲ್ಲಿಗೆ ಸಿಕ್ಕಾಗ ಮೆತ್ತನೆ ಬೋಲ್ಟ್ ಮುರಿಯಲಿ, ಚೌಕಟ್ಟು ಬಾಗದಿರಲಿ. ಮುರಿಯುತ್ತದೆ ಅಂತ ಕೆಲವರು ಅಲ್ಲಿಗೆ ಹೈಟೆನ್ಸೈಲ್ ಬೋಲ್ಟ್ ಹಾಕಿಬಿಡುತ್ತಾರೆ, ಆಮೇಲೆ ನೇಗಿಲು ಪೂರ್ತಿ ತಿರುಚಿಕೊಂಡು ವಾಪಸ್ ಬರುತ್ತದೆ. ಪ್ರತಿ ನೇಗಿಲಿನ ಜೊತೆ ಹತ್ತು ಸರಿಯಾದ ಬೋಲ್ಟ್ ಒಂದು ಚೀಲದಲ್ಲಿ ಹಾಕಿ ಕೊಡಿ.

ಕೊನೆಯದಾಗಿ, ಅಳೆಯುವುದು. ಬದಲಾವಣೆ ಮಾಡಿದ ಮೇಲೆ 'ಚೆನ್ನಾಗಾಗಿದೆ' ಅನ್ನುವ ಮಾತು ಸಾಲದು. ಅಂಕಿ ಬೇಕು. ಮಂಡಿಯಲ್ಲಿ ಬಳಸುವ 200 ಅಥವಾ 300 ಕೆ.ಜಿ.ಯ ಹ್ಯಾಂಗಿಂಗ್ ಸ್ಕೇಲ್ ಒಂದನ್ನು ಸರಪಳಿಗೂ ನೊಗಕ್ಕೂ ನಡುವೆ ಸಿಕ್ಕಿಸಿ, ಉಳುವಾಗ ಅಂಕಿ ಓದಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಇನ್ನೂ ಸುಲಭ. ಸರಪಳಿ ಓರೆಯಾಗಿರುತ್ತದೆ, ಹಾಗಾಗಿ ನೆಲದ ಮಟ್ಟದ ಎಳೆತ ಸ್ಕೇಲ್ ತೋರಿಸಿದ್ದಕ್ಕಿಂತ ಸ್ವಲ್ಪ ಕಡಿಮೆ. 20 ಡಿಗ್ರಿ ಓರೆ ಇದ್ದರೆ 0.94ರಿಂದ ಗುಣಿಸಿಕೊಳ್ಳಿ. ಟ್ರ್ಯಾಕ್ಟರಿಗೆ ಇದೇ ಕೆಲಸ ಬೇರೆ ರೀತಿ. ನೇಗಿಲು ಕಟ್ಟಿದ ಟ್ರ್ಯಾಕ್ಟರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಮುಂದೆ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಿ, ನಡುವೆ ದೊಡ್ಡ ಸ್ಕೇಲ್ ಹಾಕಿ. ನೇಗಿಲು ಇಳಿಸಿ ಒಂದು ಸಲ, ಎತ್ತಿ ಒಂದು ಸಲ. ಎರಡರ ವ್ಯತ್ಯಾಸವೇ ನೇಗಿಲಿನ ಎಳೆತ. ಇದಕ್ಕೆ ಸಹಾಯ ಬೇಕಿದ್ದರೆ ನಿಮ್ಮ ಕಡೆಗೆ ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ತುಮಕೂರು ಕಡೆಯವರಿಗೆ ಹಿರೇಹಳ್ಳಿಯಲ್ಲಿ ಇದೆ, ಕೋಲಾರಕ್ಕೆ ಟಮಕದಲ್ಲಿ. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ (ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಎಂಜಿನಿಯರಿಂಗ್ ವಿಭಾಗವೇ ಇದೆ. ನೇಗಿಲು ತೆಗೆದುಕೊಂಡೇ ಹೋಗಿ ಕೇಳಿ, ಸಂಕೋಚ ಬೇಡ.

ಸವೆತ ಅಳೆಯಲು ರಟ್ಟು ಸಾಕು. ಹೊಸ ಗುಳವನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ತೂಕ ಬರೆದಿಡಿ. ಎರಡು ಎಕರೆ ಉತ್ತ ಮೇಲೆ ಅದೇ ರಟ್ಟಿನ ಮೇಲೆ ಮತ್ತೆ ಇಟ್ಟು ಗೆರೆ ಎಳೆಯಿರಿ. ಎಷ್ಟು ಗ್ರಾಂ ಹೋಯಿತು, ಎಲ್ಲಿಂದ ಹೋಯಿತು, ಎರಡೂ ಕಾಣುತ್ತದೆ. ಹಳೇ ಎಂ.ಎಸ್. ಗುಳ, ಹದ ಹಾಕಿದ ಗುಳ, ಕೆಳಮೈಗೆ ಪದರ ಹಾಕಿದ ಎಂ.ಎಸ್. ಗುಳ, ಮೂರನ್ನೂ ಒಬ್ಬನೇ ರೈತನ ಒಂದೇ ಹೊಲದಲ್ಲಿ ಓಡಿಸಿ. ಬೇರೆ ಬೇರೆ ಹೊಲದಲ್ಲಿ ಮಾಡಿದರೆ ಮಣ್ಣಿನ ವ್ಯತ್ಯಾಸ ಯಾವುದು, ಉಕ್ಕಿನದು ಯಾವುದು ಅಂತ ತಿಳಿಯುವುದಿಲ್ಲ.

1903ರಲ್ಲಿ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ಮಣ್ಣಿಗೆ ವಿಷ ಅಂತ ಹೆದರಿ ರೈತರು ಕೊಳ್ಳಲು ಹಿಂದೇಟು ಹಾಕಿದ್ದರು. ನಿಮ್ಮ ಗಿರಾಕಿಗಳೂ 'ತೆಳ್ಳಗಿದೆ, ಹಗುರ ಇದೆ' ಅಂತ ಮೊದಲು ಅನುಮಾನ ಪಡುತ್ತಾರೆ. ಅವರ ಮುಂದೆ ಆ ರಟ್ಟನ್ನೂ ಸ್ಕೇಲಿನ ವಿಡಿಯೋವನ್ನೂ ಇಡಿ.

ಭರಣಿ ಮಳೆ ಬರುವ ಮುಂಚೆ ಇಷ್ಟು ಮಾಡಿ ಮುಗಿಸಲು ಆಗುತ್ತದೆ. ಹೊಸ ನೇಗಿಲಿನ ಎರಡು ಸಂದಿನ ಅಳತೆ, ಗುಳದ ಕೋನ, ಹದದ ನೆಲದಲ್ಲಿ ಒಂದು ಒಣ ನೆಲದಲ್ಲಿ ಒಂದು ಎಳೆತದ ಅಂಕಿ, ಮೂರು ರಟ್ಟಿನ ಫೋಟೋ, ಇವನ್ನು ಬರೆದು ಕಳಿಸಿ. ರೆಕ್ಕೆಯ ತಿರುವು ಎಷ್ಟಿರಬೇಕು, ಒಣ ಬೇಸಾಯಕ್ಕೆ ಮಣ್ಣು ಪೂರ್ತಿ ಮಗುಚಬೇಕಾ ಅನ್ನುವುದನ್ನು ಆ ಅಂಕಿ ಇಟ್ಟುಕೊಂಡು ಮುಂದಿನ ಸಲ ನೋಡೋಣ.